"ಸುಧಾರಿತ ತೇಗ" ಅಂದರೆ ಏನು ಸುಧಾರಿಸಿದ್ದಾರೆ? ಮಾಗಡಿ ಕಡೆ ಎರಡು ಎಕರೆಗೆ ಸಲಹೆ ಬೇಕು

ಕೆಂಗೇರಿ ಕೋಡರ್

ಎಲ್ಲರಿಗೂ ನಮಸ್ಕಾರ. ಮಾಗಡಿ ಹತ್ತಿರ ಅಪ್ಪನ ಎರಡು ಎಕರೆ ಇದೆ. ಕೆಂಪು ಮಣ್ಣು, ಒಂದು ಬೋರ್‌ವೆಲ್, ಅದರಲ್ಲಿ ನೀರು ಇದ್ದರೂ ಇಲ್ಲದ ಹಾಗೆ. ರಾಗಿ ಹಾಕೋಣ ಅಂದರೆ ಕೆಲಸಕ್ಕೆ ಜನ ಸಿಗುತ್ತಿಲ್ಲ. ಅದಕ್ಕೇ ಮರ ಬೆಳೆಸುವ ಯೋಚನೆ.

ಮೊನ್ನೆ ಒಂದು ನರ್ಸರಿಗೆ ಹೋಗಿದ್ದೆ. "ಸುಧಾರಿತ ಟಿಶ್ಯೂ ಕಲ್ಚರ್ ತೇಗ, 12 ವರ್ಷಕ್ಕೆ ಕಟಾವು" ಅಂತ ದೊಡ್ಡ ಬೋರ್ಡು. ಮಾಮೂಲಿ ಸಸಿಗಿಂತ ಐದಾರು ಪಟ್ಟು ಬೆಲೆ. ಏನು ಸುಧಾರಿಸಿದ್ದೀರಿ ಅಂತ ಕೇಳಿದರೆ "ತಳಿ ಸರ್, ತಳಿ" ಅಂದರು. ಯಾವ ತಳಿ ಅಂದಿದ್ದಕ್ಕೆ ಪಾಂಪ್ಲೆಟ್ ಕೈಗಿಟ್ಟರು. ಅದರ ತುಂಬ ಲಾಭದ ಲೆಕ್ಕ. ತಳಿಯ ಹೆಸರೇ ಇಲ್ಲ. ಭತ್ತ, ರಾಗಿಯಲ್ಲಿ ಇರುವ ಹಾಗೆ ಮರದಲ್ಲೂ ನಿಜವಾಗಿ ತಳಿ ಅಂತ ಇದೆಯಾ? ಗೊತ್ತಿರುವವರು ಹೇಳಿ.

ಟಿಂಬರ್ ಯಾರ್ಡ್

ಮೈಸೂರು ರಸ್ತೆಯಲ್ಲಿ ಮರದ ವ್ಯಾಪಾರ ನಮ್ಮದು. 12 ವರ್ಷದ ತೇಗದ ದಿಮ್ಮಿ ನಮ್ಮ ಹತ್ತಿರ ಬರುತ್ತಲೇ ಇರುತ್ತದೆ. ಕುಯ್ದರೆ ಹೊರಗೆ ಸುತ್ತಲೂ ಬಿಳಿ ಮರ, ಒಳಗೆ ನಡುವೆ ಒಂದಿಷ್ಟು ಕೆಚ್ಚು. ಬಾಗಿಲ ಚೌಕಟ್ಟಿಗೆ ಅಂತ ಬಂದ ಗಿರಾಕಿ ಅದನ್ನು ನೋಡಿ ಘಾನಾ ತೇಗದ ಕಡೆ ಹೋಗುತ್ತಾನೆ. ಬಿಳಿ ಮರಕ್ಕೆ ಗೆದ್ದಲು ಹಿಡಿಯುತ್ತದೆ, ಅದಕ್ಕೆ ರೇಟೇ ಇಲ್ಲ. ನಿಮ್ಮ ಪಾಂಪ್ಲೆಟ್‌ನಲ್ಲಿ ಕೆಚ್ಚಿನ ಲೆಕ್ಕ ಹಾಕಿದ್ದಾರಾ ನೋಡಿ. ಹಾಕಿರಲ್ಲ. ಪೂರ್ತಿ ದಿಮ್ಮಿಗೆ ಬರ್ಮಾ ತೇಗದ ರೇಟು ಹಾಕಿರುತ್ತಾರೆ.

ಬೀಜದ ಬುಟ್ಟಿ

ಕೋಡರ್ ಅವರೇ, ನಾನು ಬಹಳ ವರ್ಷ ಮರದ ಬೀಜ ತೋಟಗಳಲ್ಲಿ ಕೆಲಸ ಮಾಡಿ ಈಗ ನಿವೃತ್ತ. ಸ್ವಲ್ಪ ಉದ್ದ ಬರೆಯುತ್ತೇನೆ.

ರಾಗಿಯಿಂದಲೇ ಶುರು ಮಾಡೋಣ. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಕ್ರಾಸ್ ಮಾಡಿ ಇಂಡಾಫ್ ತಳಿಗಳನ್ನು ತಂದರು. ಆ ಕೆಲಸಕ್ಕೆ ಅವರು ಆಯಸ್ಸಿನ ಬಹುಪಾಲು ಕೊಟ್ಟರು. ಅಲ್ಲಿ ಒಂದು ತಲೆಮಾರು ಅಂದರೆ ನಾಲ್ಕು ತಿಂಗಳು. ತೇಗದಲ್ಲಿ ಮರ ಹೂಬಿಟ್ಟು, ಅದರ ಮಕ್ಕಳು ಬೆಳೆದು, ಅವು ಎಂಥ ದಿಮ್ಮಿ ಕೊಡುತ್ತವೆ ಅಂತ ನೋಡುವ ಹೊತ್ತಿಗೆ ಕೆಲಸ ಶುರು ಮಾಡಿದವನಿಗೆ ಪಿಂಚಣಿ ಬರುತ್ತಿರುತ್ತದೆ. ಇನ್ನೊಂದು ತೊಡಕೂ ಇದೆ. ರಾಗಿ ತನ್ನ ಪರಾಗಕ್ಕೆ ತಾನೇ ಕಾಳು ಕಟ್ಟುತ್ತದೆ, ಹಾಗಾಗಿ ತಳಿ ಒಮ್ಮೆ ನಿಂತರೆ ನಿಂತ ಹಾಗೆ. ತೇಗಕ್ಕೆ ಹುಳುಗಳು ಬಂದು ಬೇರೆ ಮರದ ಪರಾಗ ತರಬೇಕು. ಅಮ್ಮ ಯಾರು ಅಂತ ಗೊತ್ತಿರುತ್ತದೆ, ಅಪ್ಪ ಯಾರು ಅಂತ ಸಾಮಾನ್ಯವಾಗಿ ಗೊತ್ತಿರಲ್ಲ.

ಅದಕ್ಕೇ ಮರದಲ್ಲಿ ಮೊದಲ ಹೆಜ್ಜೆ ಹುಡುಕಾಟ. ಕಾಡಿನಲ್ಲೋ ಹಳೆಯ ನೆಡುತೋಪಿನಲ್ಲೋ ತಿರುಗಿ ಪ್ಲಸ್ ಟ್ರೀ, ಅಂದರೆ ಸುತ್ತಲಿನವನ್ನು ಮೀರಿಸಿದ ಮರ, ಆರಿಸುತ್ತಾರೆ. ದಪ್ಪ ಇದೆ ಅಂತ ಸುಮ್ನೆ ಬಣ್ಣದ ಪಟ್ಟಿ ಬಳಿದು ಬರುವ ಕೆಲಸ ಅಲ್ಲ. ಅಕ್ಕಪಕ್ಕದಲ್ಲಿ ಅದೇ ವಯಸ್ಸಿನ ನಾಲ್ಕೈದು ಒಳ್ಳೆ ಮರಗಳನ್ನು ಹಿಡಿದು, ಎತ್ತರ, ಸುತ್ತಳತೆ, ಕಾಂಡದ ನೇರ, ಮೊದಲ ರೆಂಬೆ ಎಷ್ಟು ಮೇಲಿದೆ, ಬುಡದಲ್ಲಿ ಮಡಿಕೆ ಇದೆಯಾ, ಎಲ್ಲವನ್ನೂ ಹೋಲಿಸಬೇಕು. ಆಮೇಲೆ ಹತ್ತಿ, ನೆತ್ತಿಯಿಂದ ಕಡ್ಡಿ ತಂದು, ನರ್ಸರಿಯ ಸಸಿಯ ಮೇಲೆ ಕಣ್ಣು ಕಸಿ ಮಾಡುವುದು. ಹೀಗೆ ಹತ್ತಾರು ಪ್ಲಸ್ ಮರಗಳ ಕಸಿ ಗಿಡಗಳನ್ನು ಒಂದೇ ಜಾಗದಲ್ಲಿ, ಒಂದೇ ಮರದ ಎರಡು ಕಸಿ ಪಕ್ಕಪಕ್ಕ ಬಾರದ ಹಾಗೆ ನೆಟ್ಟರೆ ಅದು ಕ್ಲೋನಲ್ ಬೀಜ ತೋಟ. ಒಳ್ಳೆಯದರ ಪರಾಗ ಒಳ್ಳೆಯದಕ್ಕೇ ಸೇರಲಿ ಅಂತ.

ಇಲ್ಲಿಗೆ ಅರ್ಧ ಕೆಲಸವೂ ಆಗಿಲ್ಲ. ಆರಿಸಿದ ಮರ ತೊರೆ ಪಕ್ಕದ ಮಣ್ಣಿನಿಂದ ದಪ್ಪ ಆಯಿತಾ, ರಕ್ತದಲ್ಲೇ ಆ ಗುಣ ಇತ್ತಾ? ನೋಡಿ ಹೇಳಲು ಯಾರಿಗೂ ಆಗಲ್ಲ. ಪ್ರತಿ ತಾಯಿಮರದ ಬೀಜವನ್ನು ಬೇರೆ ಬೇರೆ ಬಿತ್ತಿ, ಆ ಮಕ್ಕಳನ್ನು ಬೇರೆ ಬೇರೆ ಊರುಗಳಲ್ಲಿ ಬೆರೆಸಿ ನೆಟ್ಟು, ವರ್ಷಗಟ್ಟಲೆ ಅಳೆಯಬೇಕು. ಇದಕ್ಕೆ ಪ್ರೊಜೆನಿ ಟ್ರಯಲ್ ಅನ್ನುತ್ತಾರೆ. ಅಪ್ಪಅಮ್ಮನ ಯೋಗ್ಯತೆ ಮಕ್ಕಳಲ್ಲಿ ಬಯಲಾಗುವುದು ಅಲ್ಲೇ. ರಾಜನ ಹಾಗೆ ನಿಂತಿದ್ದ ಮರದ ಮಕ್ಕಳು ಸೊಟ್ಟಗೆ ಬೆಳೆದದ್ದನ್ನು ನೋಡಿದ್ದೇನೆ.

ಹಾಗಾಗಿ ಆ ನರ್ಸರಿಯವರನ್ನು ಕೇಳಬೇಕಾದ್ದು ಒಂದೇ: ಇದರ ತಾಯಿಮರವನ್ನು ಎಲ್ಲಿ, ಎಷ್ಟು ವರ್ಷ ಪರೀಕ್ಷೆ ಮಾಡಿದ್ದೀರಿ? ಅದಕ್ಕೆ ಉತ್ತರ ಇಲ್ಲದಿದ್ದರೆ ಅದು ಮಾಮೂಲಿ ಸಸಿ. ಮಾಮೂಲಿ ಬೆಲೆ ಕೊಡಿ.

ಕೆಂಗೇರಿ ಕೋಡರ್

ಸರ್, ತುಂಬ ಥ್ಯಾಂಕ್ಸ್. ಹಾಗಾದರೆ ಟಿಶ್ಯೂ ಕಲ್ಚರ್ ಅನ್ನೋದು?

ಮಿಸ್ಟ್ ಚೇಂಬರ್

ಇದಕ್ಕೆ ನಾನು ಹೇಳುತ್ತೇನೆ, ಕ್ಲೋನ್ ಅಂದರೆ ಒಂದೇ ಮರದ ನಕಲು ಸಸಿ ಮಾಡುವ ನರ್ಸರಿಯಲ್ಲಿ ಕೆಲಸ ಮಾಡುವವಳು. ಟಿಶ್ಯೂ ಕಲ್ಚರ್, ಅಂದರೆ ಚಿಗುರಿನ ಚೂರನ್ನು ಬಾಟಲಿಯಲ್ಲಿಟ್ಟು ಸಸಿ ಮಾಡುವುದು, ಒಂದು ಜೆರಾಕ್ಸ್ ಅಂಗಡಿ. ಮಾರ್ಕ್ಸ್ ಕಾರ್ಡ್ ಕೊಟ್ಟರೆ ಮಾರ್ಕ್ಸ್ ಕಾರ್ಡಿನ ಕಾಪಿ ಬರುತ್ತದೆ, ಫೇಲ್ ಆದವನದು ಪಾಸ್ ಆಗಿ ಬರಲ್ಲ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು 1980ರ ಹೊತ್ತಿಗೇ ತೇಗವನ್ನು ಬಾಟಲಿಯಲ್ಲಿ ಬೆಳೆಸಿ ತೋರಿಸಿದ್ದರು. ವಿದ್ಯೆ ಹಳೆಯದು. ಯಾವ ಮರದ ಚಿಗುರು ಬಾಟಲಿಗೆ ಹೋಯಿತು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಕಡ್ಡಿಯಿಂದ ಮಾಡುವ ಕ್ಲೋನ್‌ಗೂ ಇದೇ ಮಾತು. ನೀಲಗಿರಿ, ಸರ್ವೆ ಮರಗಳಲ್ಲಿ ನಾವು ಮಾಡುವುದು ಹೀಗೆ. ತಾಯಿಗಿಡಗಳನ್ನು ಬೇಲಿಯ ಹಾಗೆ ಗಿಡ್ಡಗೆ ಕತ್ತರಿಸಿ ಇಟ್ಟಿರುತ್ತೇವೆ. ಬೆಳಗ್ಗೆ ಬಿಸಿಲೇರುವ ಮುಂಚೆ ಎಳೆ ಚಿಗುರು ಕಿತ್ತು, ಎಲೆಯನ್ನು ಅರ್ಧ ಕತ್ತರಿಸುತ್ತೇವೆ, ಇಲ್ಲದಿದ್ದರೆ ಎಲೆಯೇ ನೀರೆಲ್ಲ ಕಳೆದುಬಿಡುತ್ತದೆ. ಬುಡವನ್ನು ಬೇರು ಬರಿಸುವ ಐಬಿಎ ಪುಡಿಗೆ ಮುಟ್ಟಿಸಿ, ರೂಟ್ ಟ್ರೇನರ್ ಅನ್ನುವ ಸಸಿ ಕಪ್ಪಿನಲ್ಲಿ ಚುಚ್ಚುವುದು. ಆಮೇಲೆ ಮೂರ್ನಾಲ್ಕು ವಾರ ಮಿಸ್ಟ್ ಚೇಂಬರ್, ಅಂದರೆ ನೀರನ್ನು ಮಂಜಿನ ಹಾಗೆ ಸಿಂಪಡಿಸುವ ಕೋಣೆ. ಒಳಗೆ ಹೋದರೆ ಕನ್ನಡಕ ಮಂಜಾಗುತ್ತದೆ, ಸೀರೆ ಅಂಚೆಲ್ಲ ಒದ್ದೆ.

ಚಿಗುರು ಎಳೆಯದೇ ಆಗಬೇಕು. ಮೂವತ್ತು ವರ್ಷದ ತೇಗದ ರೆಂಬೆ ತಂದು ಚುಚ್ಚಿದರೆ ಬೇರು ಬರುವುದೇ ಕಷ್ಟ. ಬಂದರೂ ಎಷ್ಟೋ ಸಲ ಅದು ತಾನಿನ್ನೂ ರೆಂಬೆಯೇ ಅಂದುಕೊಂಡು ಅಡ್ಡಡ್ಡ ಬೆಳೆಯುತ್ತದೆ. ಅದಕ್ಕೇ ಹಳೇ ಮರವನ್ನು ಕಡಿದು ಬುಡದಿಂದ ಚಿಗುರಿಸುವುದು, ಇಲ್ಲವೇ ಕಸಿ ಮೇಲೆ ಕಸಿ ಮಾಡಿ ಅದನ್ನು ಮತ್ತೆ ಎಳೆಯದು ಮಾಡುವುದು. ತಿಂಗಳುಗಟ್ಟಲೆ ಹಿಡಿಯುವ ಕೆಲಸ.

ಹೊಸಕೋಟೆ ರೈತ

ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಕಡೆ ಒಂದು ನರ್ಸರಿ ಹೆಬ್ಬೇವಿನ "ಕ್ಲೋನ್" ಅಂತ ಮಾರಿತು. ತಂದು ಬದುವಿನ ಮೇಲೆ ಹಾಕಿದೆ. ಎರಡನೇ ಮಳೆಗಾಲಕ್ಕೆ ಒಂದು ಗಿಡ ಮನೆ ಮಾಡಿಗೆ ಸಮ, ಪಕ್ಕದ್ದು ನನ್ನ ಸೊಂಟಕ್ಕೆ. ಕ್ಲೋನ್ ಆಗಿದ್ದರೆ ಹೀಗೆ ಏರುಪೇರು ಬರುತ್ತಾ? ಬೀಜದ ಸಸಿಗೆ ಕ್ಲೋನ್ ಬೆಲೆ ಹಾಕಿದ್ದರು. ಕೇಳಲು ಹೋದರೆ "ನೀರು ಸರಿಯಾಗಿ ಬಿಟ್ಟಿಲ್ಲ ಗೌಡ್ರೇ" ಅಂದರು.

ನೀಲಗಿರಿ ವಿಚಾರ ಬಂತಲ್ಲ. ನಮ್ಮ ಹೊಸಕೋಟೆ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಅದು ಅಂಗೈ ಮೇಲಿನ ಗೆರೆ. ಅದರ ತಳಿ ಕಥೆ ಯಾರಾದರೂ ಸರಿಯಾಗಿ ಬರೆಯಿರಿ.

ಬೀಜದ ಬುಟ್ಟಿ

ನೀಲಗಿರಿಯಲ್ಲಿ ತಳಿ ಅಭಿವೃದ್ಧಿಯ ಒಳ್ಳೆಯದು ಕೆಟ್ಟದ್ದು ಎರಡೂ ಸಿಗುತ್ತವೆ ಗೌಡ್ರೇ.

ಟಿಪ್ಪು ಕಾಲದಲ್ಲಿ, 1790ರ ಆಸುಪಾಸಿನಲ್ಲಿ, ನಂದಿಬೆಟ್ಟಕ್ಕೆ ನೀಲಗಿರಿ ಬಂತು ಅಂತ ಪ್ರತೀತಿ. ಅಲ್ಲಿನ ಬೇರೆ ಬೇರೆ ಜಾತಿ ತಾವೇ ಕಲೆತು ಹುಟ್ಟಿದ್ದನ್ನು ಮೈಸೂರು ಗಮ್ ಅಂತ ಕರೆದರು. ದೇಶದ ತುಂಬ ನೆಟ್ಟರು. ಆದರೆ ಬೀಜ ಎತ್ತಿದ್ದು ನೆಟ್ಟ ತೋಪಿನಿಂದ, ಆ ತೋಪಿನ ಬೀಜದಿಂದ ಇನ್ನೊಂದು ತೋಪು. ಬುಡದಲ್ಲಿ ಇದ್ದದ್ದು ಸ್ವಲ್ಪ ಮರಗಳು, ಮುಂದೆ ಎಲ್ಲ ನೆಂಟರ ನಡುವೆಯೇ ಮದುವೆ. ಹೈಬ್ರಿಡ್‌ನ ಬೀಜ ಬಿತ್ತಿದರೆ ಮಕ್ಕಳು ಒಂದರ ಹಾಗೆ ಒಂದು ಇರಲ್ಲ. ಒಂದೇ ಸಾಲಿನಲ್ಲಿ ಕಂಬವೂ ಪೊದೆಯೂ.

1980ರ ದಶಕದ ಕೊನೆಗೆ ಐಟಿಸಿ ಕಂಪನಿಯ ಕಾಗದ ವಿಭಾಗದವರು ಭದ್ರಾಚಲಂನಲ್ಲಿ ಒಳ್ಳೊಳ್ಳೆ ಮರ ಆರಿಸಿ ಕಡ್ಡಿಯಿಂದ ಕ್ಲೋನ್ ಮಾಡಲು ಶುರು ಮಾಡಿದರು. ಕ್ಲೋನ್ 3, 7, 413 ಅಂತೆಲ್ಲ ರೈತರ ಬಾಯಲ್ಲಿ ಇರುವುದು ಅವೇ. ಸಾಲಿಗೆ ಸಾಲು ಒಂದೇ ಎತ್ತರ, ಇಳುವರಿ ಎದ್ದು ಕಾಣುವಷ್ಟು ಜಾಸ್ತಿ. ಇದಕ್ಕೂ ಮುಂಚೆ ಬ್ರೆಜಿಲ್‌ನಲ್ಲಿ ಕಾಗದದ ತಿರುಳು ಮಾಡುವ ಅರಾಕ್ರೂಸ್ ಕಂಪನಿಯವರು ಇದೇ ದಾರಿ ಹಿಡಿದಿದ್ದರು. ಅವರ ತೋಪುಗಳಿಗೆ ಕಾಂಡಕ್ಕೆ ಹುಣ್ಣು ಮಾಡುವ ಕ್ಯಾಂಕರ್ ರೋಗ ಬಿದ್ದಾಗ ರೋಗ ತಡೆದುಕೊಂಡ ಮರಗಳನ್ನೇ ಹುಡುಕಿ ಕ್ಲೋನ್ ಮಾಡಿದರು. 1984ರಲ್ಲಿ ಆ ಕೆಲಸಕ್ಕೆ ಅರಣ್ಯ ವಿಜ್ಞಾನದ ದೊಡ್ಡ ಪ್ರಶಸ್ತಿಯಾದ ಮಾರ್ಕಸ್ ವಾಲೆನ್‌ಬರ್ಗ್ ಪ್ರಶಸ್ತಿ ಬಂತು.

ಇನ್ನು ಕೆಟ್ಟದ್ದು. 2001ರ ಸುಮಾರಿಗೆ ದಕ್ಷಿಣ ಭಾರತಕ್ಕೆ ಗಾಲ್ ಕಣಜ ಬಂತು. ಸೊಳ್ಳೆಗಿಂತ ಚಿಕ್ಕದು. ಎಲೆಯ ನಡುನರ, ತೊಟ್ಟಿನಲ್ಲಿ ಮೊಟ್ಟೆ ಇಡುತ್ತದೆ, ಅಲ್ಲೆಲ್ಲ ಗಂಟುಗಂಟು ಎದ್ದು ಚಿಗುರು ಮುರುಟಿಕೊಳ್ಳುತ್ತದೆ. ಒಂದು ಕ್ಲೋನ್‌ಗೆ ತಡೆಯುವ ಶಕ್ತಿ ಇಲ್ಲ ಅಂದರೆ ಆ ತೋಪಿನ ಯಾವ ಗಿಡಕ್ಕೂ ಇರಲ್ಲ. ಎಲ್ಲವೂ ಒಂದೇ ಗಿಡ ತಾನೇ.

ಕಾಡುಪಾಪ

ಇದನ್ನೇ ನಾನು ಹೇಳಲು ಬಂದದ್ದು. ಬೇಗ ಬೆಳೆಯುವ ಮರ, ಇನ್ನೂ ಬೇಗ ಬೆಳೆಯುವ ಮರ ಅಂತ ಇಡೀ ವಿಜ್ಞಾನ ಅದರ ಹಿಂದೆಯೇ ಓಡಿದೆ. ಕೊನೆಗೆ ಅಂತರ್ಜಲಕ್ಕೆ ಹೆದರಿ ಸರ್ಕಾರವೇ 2017ರಲ್ಲಿ ಹೊಸದಾಗಿ ನೀಲಗಿರಿ ನೆಡಬಾರದು ಅಂತ ಆದೇಶ ಮಾಡಬೇಕಾಯಿತು. ಮಲೆನಾಡಿನಲ್ಲಿ ಕಾಗದದ ಕಾರ್ಖಾನೆಗೆ ಅಂತ ಅಕೇಶಿಯಾ ತುಂಬಿದರು. ಬೀಟೆ, ಹೊನ್ನೆ, ಮತ್ತಿ ಬಗ್ಗೆ ಯಾರು ಇಷ್ಟು ತಲೆ ಕೆಡಿಸಿಕೊಂಡಿದ್ದಾರೆ ಹೇಳಿ?

ಮಿಸ್ಟ್ ಚೇಂಬರ್

ಬೀಟೆ ಬಗ್ಗೆ ನಿಮ್ಮ ಸಿಟ್ಟು ನ್ಯಾಯವೇ. ತೇಗ, ಶ್ರೀಗಂಧಕ್ಕೆ ಸಿಕ್ಕಿದ ದುಡ್ಡಿನಲ್ಲಿ ಕಾಲುಭಾಗವೂ ಹೊನ್ನೆ, ಮತ್ತಿಗೆ ಸಿಕ್ಕಿರಲ್ಲ ಅನ್ನಿಸುತ್ತದೆ. ಆದರೆ ನೀರು ಕುಡಿದದ್ದು ತಳಿ ವಿಜ್ಞಾನ ಅಲ್ಲ ಸರ್. ಕೆರೆ ಅಚ್ಚುಕಟ್ಟಿನಲ್ಲೂ ಅದನ್ನೇ ನೆಟ್ಟದ್ದು ನಾವು.

ಒಂದೇ ಕ್ಲೋನ್‌ನ ಅಪಾಯ ಮಾತ್ರ ನಿಜ. ಪಂಜಾಬ್, ಹರಿಯಾಣದಲ್ಲಿ ಪಾಪ್ಲರ್ ಇದೆಯಲ್ಲ, ಯಮುನಾನಗರದ ಪ್ಲೈವುಡ್‌ಗೆ ಹೋಗುವುದು, ಅಲ್ಲಿ ವರ್ಷಾನುಗಟ್ಟಲೆ ಜಿ-48 ಅನ್ನುವ ಒಂದೇ ಕ್ಲೋನ್‌ದೇ ದರ್ಬಾರು. ಒಳ್ಳೆಯದು ಅಂತ ಎಲ್ಲರೂ ಅದನ್ನೇ ಕೇಳುತ್ತಾರೆ. ನರ್ಸರಿಯವರೂ ಅದನ್ನೇ ಮಾಡುತ್ತಾರೆ. ನಾವು ರೈತರಿಗೆ ಕೊಡುವಾಗ ನಾಲ್ಕೈದು ಕ್ಲೋನ್ ತೆಗೆದುಕೊಳ್ಳಿ, ತುಂಡು ತುಂಡಾಗಿ ಹಾಕಿ ಅಂತ ಹೇಳುತ್ತೇವೆ. ಕೇಳುವವರು ಕಮ್ಮಿ. ಸರ್ವೆಯಲ್ಲಿ ಕೊಯಮತ್ತೂರಿನ ಅರಣ್ಯ ತಳಿ ಸಂಸ್ಥೆಯವರು ಸಿಎಚ್-1, ಸಿಎಚ್-5, ಸಿಜೆ-9 ಅಂತ ಬೇರೆ ಬೇರೆ ಕ್ಲೋನ್ ಬಿಡುಗಡೆ ಮಾಡಿರುವುದರಿಂದ ಅಲ್ಲಿ ಆಯ್ಕೆಯಾದರೂ ಇದೆ.

ಬೀಜದ ಬುಟ್ಟಿ

ಕಾಡುಪಾಪ ಅವರೇ, "ಬೇಗ ಬೆಳೆಯುವುದರ ಹಿಂದೆಯೇ" ಅನ್ನುವುದಕ್ಕೆ ಒಂದು ಸೇರಿಸುತ್ತೇನೆ. ದಪ್ಪ, ಎತ್ತರ ಅನ್ನುವುದು ಮಣ್ಣು ನೀರಿನ ಮಾತನ್ನೇ ಜಾಸ್ತಿ ಕೇಳುತ್ತದೆ, ಅಪ್ಪಅಮ್ಮನದು ಸ್ವಲ್ಪ. ಮರದ ಸಾಂದ್ರತೆ ಹಾಗಲ್ಲ, ಅದು ಚೆನ್ನಾಗಿ ಮಕ್ಕಳಿಗೆ ಇಳಿಯುತ್ತದೆ. ಗಟ್ಟಿ ಮರದ ಮಕ್ಕಳು ಬಹುಮಟ್ಟಿಗೆ ಗಟ್ಟಿಯೇ. ಅದನ್ನು ನೋಡಲು ಮರ ಕಡಿಯಬೇಕಾಗಿಲ್ಲ. ಪೈಲೋಡಿನ್ ಅಂತ ಒಂದು ಕೈ ಸಲಕರಣೆ ಇದೆ. ಕಾಂಡಕ್ಕೆ ಒತ್ತಿ ಹಿಡಿದರೆ ಸ್ಪ್ರಿಂಗ್ ಬಿಟ್ಟು ಒಂದು ಉಕ್ಕಿನ ಮೊಳೆ ಒಳಗೆ ಹೊಡೆಯುತ್ತದೆ. ಮೊಳೆ ಕಮ್ಮಿ ಇಳಿದರೆ ಮರ ಗಟ್ಟಿ. ಸಾವಿರ ಮರವನ್ನು ಹೀಗೆ ಟಕ್ ಟಕ್ ಅಂತ ಅಳೆಯಬಹುದು.

ತೇಗದಲ್ಲಿ ಇನ್ನೊಂದು ಗುಣ ಇದೆ, ಹೊರಗಿನವರಿಗೆ ಹೊಳೆಯುವುದೇ ಇಲ್ಲ. ತೇಗದ ಹೂಗೊಂಚಲು ಬರುವುದು ತುದಿಯಲ್ಲಿ. ನಡುಕಾಂಡದ ನೆತ್ತಿಯಲ್ಲಿ ಮೊದಲ ಸಲ ಹೂ ಬಂತು ಅಂದರೆ ಆ ತುದಿ ಅಲ್ಲಿಗೆ ಮುಗಿಯಿತು. ಪಕ್ಕದ ಎರಡು ಮೊಗ್ಗು ಎದ್ದು ಮರ ಕವಲಾಗುತ್ತದೆ. ಐದನೇ ವರ್ಷಕ್ಕೇ ಹೂಬಿಟ್ಟ ಮರಕ್ಕೆ ಗಿಡ್ಡ ಕಾಂಡ, ತಡವಾಗಿ ಹೂಬಿಟ್ಟಿದ್ದಕ್ಕೆ ಉದ್ದ ದಿಮ್ಮಿ. ಹಾಗಾಗಿ ಉದ್ದ ಕಾಂಡದ ಮರ ಆರಿಸಿದಾಗ ನಾವು ನಮಗೆ ಗೊತ್ತಿಲ್ಲದ ಹಾಗೆ ಹೂವಿಗೆ ಸೋಮಾರಿಯಾದ ಮರಗಳನ್ನೇ ಆರಿಸಿರುತ್ತೇವೆ. ಅವನ್ನೆಲ್ಲ ತಂದು ಬೀಜ ತೋಟ ಮಾಡಿ, ಬೀಜ ಕೊಡಿ ಅಂತ ಕಾಯುತ್ತೇವೆ! ಜೊತೆಗೆ ದಾಂಡೇಲಿಯ ತೇಗವೂ ಕೇರಳದ ನಿಲಂಬೂರಿನದೂ ಒಂದೇ ಹೊತ್ತಿಗೆ ಹೂ ಬಿಡಲ್ಲ. ಒಂದು ಮುಗಿಸುವಾಗ ಇನ್ನೊಂದು ಶುರು. ಹುಳು ಯಾರ ಪರಾಗ ಯಾರಿಗೆ ತರಬೇಕು? ದೇಶದ ತೇಗದ ಬೀಜ ತೋಟಗಳು 1960ರ ದಶಕದಿಂದ ಇದ್ದರೂ ಬೀಜ ಸಾಲದೇ ಇರುವುದಕ್ಕೆ ಇವು ದೊಡ್ಡ ಕಾರಣ.

ಸಿಕ್ಕ ಬೀಜವಾದರೂ ಸುಲಭವಾ? ತೇಗದ ಕಾಯಿಯ ಕಾಗದದಂಥ ಸಿಪ್ಪೆ ಉಜ್ಜಿ ತೆಗೆದರೆ ಒಳಗೆ ಗೋಲಿಯಂಥ ಗಟ್ಟಿ ಓಟೆ, ಅದರಲ್ಲಿ ನಾಲ್ಕು ಗೂಡು. ಎಷ್ಟೋ ಗೂಡು ಖಾಲಿ. ಒಂದು ದಿನ ನೀರಲ್ಲಿ ನೆನೆಸಿ, ಒಂದು ದಿನ ಬಿಸಿಲಿಗೆ ಹರಡಿ, ಹೀಗೆ ವಾರ, ಹದಿನೈದು ದಿನ ಮಾಡಿದರೂ ಮೊಳಕೆ ಒಂದೇ ಸಲ ಬರಲ್ಲ. 1840ರ ದಶಕದಲ್ಲಿ ನಿಲಂಬೂರಿನಲ್ಲಿ ಕಲೆಕ್ಟರ್ ಕಾನೊಲಿ ಮೊದಲ ತೇಗದ ತೋಪು ಮಾಡಿಸಿದಾಗ ಬೀಜ ಮೊಳೆಸಲು ಒದ್ದಾಡಿ, ಕೊನೆಗೆ ಚಾತು ಮೆನನ್ ಅನ್ನುವವರ ಕೈಗುಣದಿಂದ ಕೆಲಸ ಹಿಡಿಯಿತು. ಈಗಲೂ ನರ್ಸರಿಯವರ ಗೋಳು ಅದೇ.

ಟಿಂಬರ್ ಯಾರ್ಡ್

ಬುಟ್ಟಿ ಸರ್, ಕವಲಿನ ವಿಚಾರ ಓದಿ ಕಣ್ಣು ತೆರೆಯಿತು. ನಮ್ಮಲ್ಲಿ ಎಂಟಡಿಗಿಂತ ಉದ್ದದ ನೇರ ದಿಮ್ಮಿಗೆ ಒಂದು ರೇಟು, ಗಿಡ್ಡದ್ದಕ್ಕೆ ಇನ್ನೊಂದು. ಬಾಗಿಲ ನಿಲುವಿಗೆ ಏಳಡಿ ಬೇಕೇ ಬೇಕಲ್ಲ. 2014ರಲ್ಲಿ ಬರ್ಮಾದವರು ದಿಮ್ಮಿ ರಫ್ತು ನಿಲ್ಲಿಸಿದ ಮೇಲೆ ಉದ್ದದ ಮಾಲಿಗೆ ಇನ್ನೂ ಪರದಾಟ. ತಡವಾಗಿ ಹೂಬಿಡುವ ತೇಗ ಅಂತ ಬೋರ್ಡು ಹಾಕಿದ ನರ್ಸರಿ ಮಾತ್ರ ಒಂದೂ ನೋಡಿಲ್ಲ.

ಹೊಸಕೋಟೆ ರೈತ

ಶ್ರೀಗಂಧ ಹೇಗೆ? 2001ರಲ್ಲಿ ಕಾಯ್ದೆ ಬದಲಾಗಿ ಜಮೀನಿನವನೇ ಮರದ ಮಾಲೀಕ ಆದ ಮೇಲೆ ಎಲ್ಲರೂ ಅದರ ಹಿಂದೆ ಬಿದ್ದಿದ್ದಾರೆ. ನಮ್ಮ ತಾಲ್ಲೂಕಿನ ಗೊಟ್ಟಿಪುರದಲ್ಲೇ ಮಲ್ಲೇಶ್ವರದ ಮರ ವಿಜ್ಞಾನ ಸಂಸ್ಥೆ ಐಡಬ್ಲ್ಯೂಎಸ್‌ಟಿಯವರ ಗಂಧದ ತೋಟ ಇದೆ.

ಬೀಜದ ಬುಟ್ಟಿ

ಗಂಧದಲ್ಲಿ ತಳಿ ಆರಿಸುವುದು ತಲೆನೋವಿನ ಪರಮಾವಧಿ. ಅದರ ಬೇರು ಪಕ್ಕದ ಗಿಡದ ಬೇರಿಗೆ ಕಚ್ಚಿಕೊಂಡು ನೀರು, ಸತ್ವ ಹೀರುತ್ತದೆ. ಹಾಗಾದರೆ ಒಂದು ಗಂಧದ ಮರ ಚೆನ್ನಾಗಿದ್ದರೆ ಹೊಗಳಬೇಕಾದ್ದು ಅದನ್ನೋ, ಪಕ್ಕದಲ್ಲಿ ನಿಂತು ಸಾಕಿದ ಸರ್ವೆಯನ್ನೋ? ಪ್ರಯೋಗದಲ್ಲಿ ಎಲ್ಲ ಮರಕ್ಕೂ ಒಂದೇ ಥರದ ಆಸರೆ ಗಿಡ ಕೊಟ್ಟರೂ, ಒಂದು ಸತ್ತರೆ ಲೆಕ್ಕ ತಪ್ಪಿತು. ಇನ್ನು ಬೆಲೆ ಇರುವುದು ಕೆಚ್ಚು, ಎಣ್ಣೆಗೆ. ಹೊರಗಿನಿಂದ ಎರಡೂ ಕಾಣಲ್ಲ. ಸುತ್ತಳತೆ ಒಂದೇ ಇರುವ ಎರಡು ಮರದಲ್ಲಿ ಒಂದಕ್ಕೆ ಒಳ್ಳೆ ಕೆಚ್ಚು, ಇನ್ನೊಂದು ಬರೀ ಬಿಳಿ. ತೆಳ್ಳಗಿನ ಬೈರಿಗೆ ಹಾಕಿ ಪೆನ್ಸಿಲ್‌ನಷ್ಟು ಮರ ತೆಗೆದು ನೋಡಬೇಕು. ಹಾಗೆ ನೋಡಿ ಕೆಚ್ಚಿದೆ ಅಂತ ಗೊತ್ತಾದ ಮರಕ್ಕೆ ಕಳ್ಳರ ಕಾಟ ಬೇರೆ. ಎಲೆ ಸಣ್ಣಗಾಗುತ್ತಾ ಮರವೇ ಸಾಯುವ ಸ್ಪೈಕ್ ರೋಗ ಅಂತೂ ಕೊಡಗಿನಲ್ಲಿ 1899ರಲ್ಲಿ ಕಂಡದ್ದು ಇವತ್ತಿಗೂ ಬಿಟ್ಟಿಲ್ಲ. ಗಂಧ ಹಾಕುವುದಾದರೆ ಕಾವಲಿನ ಖರ್ಚು ಮೊದಲು ಲೆಕ್ಕ ಹಾಕಿ, ತಳಿ ಆಮೇಲೆ.

ಪದ್ಮನಾಭನಗರ

ಮಹಾಗನಿ ಹಾಕಿ ಗುರು, ಹತ್ತು ವರ್ಷಕ್ಕೆ ಕೋಟಿ. ಯೂಟ್ಯೂಬಲ್ಲಿ ನೋಡಿ.

ಮಿಸ್ಟ್ ಚೇಂಬರ್

ಮಹಾಗನಿಗೆ ತುದಿ ಕೊರೆಯುವ ಹುಳು ಅಂತ ಒಂದಿದೆ. ನೆತ್ತಿ ಚಿಗುರಿನೊಳಗೆ ಹೊಕ್ಕು ಸಾಯಿಸುತ್ತದೆ, ಮರ ಪೊರಕೆಯ ಹಾಗೆ ಕವಲೊಡೆಯುತ್ತದೆ. ಅದು ಯೂಟ್ಯೂಬಲ್ಲಿ ಬರಲ್ಲ. 1990ರ ದಶಕದಲ್ಲಿ ತೇಗದ ಯೂನಿಟ್ ಕೊಂಡರೆ ಇಪ್ಪತ್ತು ವರ್ಷಕ್ಕೆ ಲಕ್ಷಾಂತರ ಅಂತ ಪೇಪರ್ ತುಂಬ ಜಾಹೀರಾತು ಬರುತ್ತಿತ್ತು, ನೆನಪಿದೆಯಾ? ಎಷ್ಟೋ ಕಂಪನಿ ಮುಳುಗಿ, ಕೊನೆಗೆ 1999ರಲ್ಲಿ ಸೆಬಿ ಅಂಥ ಸ್ಕೀಮ್‌ಗಳಿಗೆ ನಿಯಮ ತಂದಿತು.

ಕೆಂಗೇರಿ ಕೋಡರ್

ಇಷ್ಟೆಲ್ಲ ಓದಿದ ಮೇಲೆ ಆ ನರ್ಸರಿಗೆ ಫೋನ್ ಮಾಡಿ ಬುಟ್ಟಿ ಸರ್ ಹೇಳಿದ ಪ್ರಶ್ನೆಯನ್ನೇ ಕೇಳಿದೆ. "ಲ್ಯಾಬಿನಿಂದ ಬಂದಿದೆ ಸರ್, ಟೆಸ್ಟೆಡ್" ಅಂದರು. ಎಲ್ಲಿ ಟೆಸ್ಟ್ ಮಾಡಿದ್ದು ಅಂದರೆ "ಲ್ಯಾಬಲ್ಲೇ". ಹನ್ನೆರಡು ವರ್ಷ ಲ್ಯಾಬಲ್ಲಿ ಮರ ಬೆಳೆಸಿದ್ದಾರೆ ಅನ್ನಿಸುತ್ತದೆ.

ಈಗ ನನ್ನ ಎರಡು ಎಕರೆಗೆ ಏನು ಮಾಡಲಿ?

ಬೀಜದ ಬುಟ್ಟಿ

ಮಾಗಡಿಯ ಮಳೆಯಲ್ಲಿ ತೇಗ ಬದುಕುತ್ತದೆ, ದಾಂಡೇಲಿಯ ಹಾಗೆ ಬೆಳೆಯಲ್ಲ. ಯಾವ ತಳಿಯೂ ಮಳೆ ತರಲ್ಲ. ಮಣ್ಣು ಆಳ ಇರುವ, ನೀರು ನಿಲ್ಲದ ತುಂಡಿನಲ್ಲಿ ಮಾತ್ರ ತೇಗ ಹಾಕಿ. ಬೀಜದ ಮೂಲ ಗೊತ್ತಿರುವ ಸಸಿ ಬೇಕು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಬೀಜ ಯಾವ ಬೀಜ ತೋಟದ್ದು ಅಥವಾ ಯಾವ ಕಾಡಿನದು ಅಂತ ರಿಜಿಸ್ಟರ್ ನೋಡಿ ಹೇಳುತ್ತಾರೆ, ಕೇಳಿ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಸಸಿ ಕಮ್ಮಿ ಬೆಲೆಗೆ ಸಿಗುತ್ತದೆ, ಬದುಕಿದ ಗಿಡಕ್ಕೆ ಮೂರು ವರ್ಷ ಪ್ರೋತ್ಸಾಹಧನವೂ ಇದೆ. ಉಳಿದ ಕಡೆ ಹೆಬ್ಬೇವು, ಬದುವಿನ ಮೇಲೆ ಸಿಲ್ವರ್ ಓಕ್, ನಾಲ್ಕು ಹೊನ್ನೆ. ಕಾಡುಪಾಪ ಅವರಿಗೂ ಸಮಾಧಾನ.

ದುಬಾರಿ ಕ್ಲೋನ್ ಮೇಲೆ ಆಸೆ ಇದ್ದರೆ ಒಂದು ಸಾಲು ಅದನ್ನು ಹಾಕಿ, ಪಕ್ಕದಲ್ಲೇ ಒಂದು ಸಾಲು ಮಾಮೂಲಿ ಸಸಿ. ಅದೇ ಗುಂಡಿ, ಅದೇ ಗೊಬ್ಬರ. ಬಣ್ಣದ ಗುರುತು ಹಾಕಿ ಎದೆಮಟ್ಟದ ಸುತ್ತಳತೆ ವರ್ಷಕ್ಕೊಮ್ಮೆ ಬರೆದಿಡಿ.

ಕೆಂಗೇರಿ ಕೋಡರ್

ಅದು ನನಗೆ ಬರುತ್ತದೆ ಸರ್, ಆಫೀಸಿನಲ್ಲಿ ದಿನಾ ಮಾಡುವುದೇ ಎ-ಬಿ ಟೆಸ್ಟಿಂಗ್. ಎಕ್ಸೆಲ್ ಶೀಟ್ ಮಾಡಿ ಇಲ್ಲೇ ಹಾಕುತ್ತೇನೆ. ಗುಂಡಿ ಈಗಲೇ ತೆಗೆಸಲಾ, ಮಳೆ ಬಂದ ಮೇಲಾ?

ಹೊಸಕೋಟೆ ರೈತ

ಬೇಸಿಗೆಯಲ್ಲೇ ತೆಗೆಸಿ, ಮಣ್ಣು ಬಿಸಿಲಿಗೆ ಕಾಯಲಿ. ಎರಡು ಹದ ಮಳೆ ಬಿದ್ದ ಮೇಲೆ ನೆಡಿ. ಜೆಸಿಬಿಯವನು ಎರಡು ಎಕರೆಗೆ ಅಂತ ಬರಲ್ಲ, ಅಕ್ಕಪಕ್ಕದವರ ಕೆಲಸ ಇದ್ದರೆ ಸೇರಿಸಿ ಕರೆಸಿ.

ಟಿಂಬರ್ ಯಾರ್ಡ್

ಪಹಣಿಯಲ್ಲಿ ಮರ ನಮೂದು ಮಾಡಿಸುವುದು ಮರೆಯಬೇಡಿ. ತೇಗ ಕಡಿಯಲು ಅರಣ್ಯ ಇಲಾಖೆ ಪರ್ಮಿಟ್ ಬೇಕು, ಆಗ ಕಾಗದ ಇಲ್ಲದಿದ್ದರೆ ತಿಂಗಳುಗಟ್ಟಲೆ ಅಲೆದಾಟ. ಎಕ್ಸೆಲ್ ಶೀಟಿಗೆ ಒಂದು ಕಾಲಂ ಸೇರಿಸಿ: ಮೊದಲ ಹೂ ಯಾವ ವರ್ಷ ಬಂತು ಅಂತ. ನನಗೂ ನೋಡಬೇಕು.